ಮೇಸ್ತ್ರಿ ಅಳಿಸಿದ ಕಲ್ಲು

ನಗರಸಭೆ ಕಚೇರಿಯ ಹಿಂದಿನ ಓಣಿಯಲ್ಲಿ, ಪಂಕ್ಚರ್ ಹಾಕುವ ಅಂಗಡಿಗೂ ಬಾಗಿಲು ಮುಚ್ಚಿ ವರ್ಷಗಳಾದ ಒಂದು ಪ್ರೆಸ್ಸಿಗೂ ನಡುವೆ, ತಗಡಿನ ಮಾಡಿನ ಶೆಡ್ಡೊಂದಿತ್ತು. ಅಲ್ಲಿ ಕೂತು ಉಳಿ ಮೇಸ್ತ್ರಿ ಕಲ್ಲಿಗೆ ಅಕ್ಷರ ಕೆತ್ತುತ್ತಿದ್ದ. ಅವನ ಮುಂದೆ ಯಾವಾಗಲೂ ಒಂದು ಕರಿಕಲ್ಲು ಆಪರೇಷನ್‌ಗೆ ಬಂದ ರೋಗಿಯ ಹಾಗೆ ಅಂಗಾತ ಮಲಗಿರುತ್ತಿತ್ತು. ಮೇಸ್ತ್ರಿ ಅದರ ಪಕ್ಕ ಒಂದು ಮಡಚಿದ ಗೋಣಿಚೀಲದ ಮೇಲೆ ಕೂತು, ಕಣ್ಣಿಗೆ ಕನ್ನಡಕ, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಸಣ್ಣ ಸುತ್ತಿಗೆಯಿಂದ ಟಿಕ್ ಟಿಕ್ ಎನ್ನಿಸುತ್ತಿದ್ದ. ಓಣಿಯಲ್ಲಿ ಹಾದು ಹೋಗುವವರಿಗೆ ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ, ಅದು ನಿಂತಾಗ ಮಾತ್ರ ಶೆಡ್ಡಿನೊಳಗೆ ಇಣುಕುತ್ತಿದ್ದರು.

ಅವನ ಹತ್ತಿರ ಬರುತ್ತಿದ್ದ ಕೆಲಸವೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯದು. ಶಂಕುಸ್ಥಾಪನೆಯ ಕಲ್ಲು, ಇಲ್ಲವೇ ಉದ್ಘಾಟನೆಯ ಕಲ್ಲು. ಸೇತುವೆ, ಚರಂಡಿ, ಬಸ್ ನಿಲ್ದಾಣ, ಶೌಚಾಲಯ, ಊರಿನಲ್ಲಿ ಏನೇ ಆಗಲಿ, ಆಗದೇ ಹೋಗಲಿ, ಕಲ್ಲು ಮಾತ್ರ ಆಗಲೇಬೇಕಿತ್ತು. ಗ್ರಂಥಾಲಯವೊಂದಕ್ಕೆ ಮೂರು ಸಲ ಶಂಕುಸ್ಥಾಪನೆಯಾಗಿತ್ತು. ಮೂರು ಕಲ್ಲನ್ನೂ ಮೇಸ್ತ್ರಿಯೇ ಕೆತ್ತಿದ್ದ. ಗ್ರಂಥಾಲಯ ಮಾತ್ರ ಇಂದಿಗೂ ಮೇಲೆದ್ದಿಲ್ಲ. ಮೊದಲನೇ ಕಲ್ಲು ಒಮ್ಮೆ ಯಾರದೋ ಹಿತ್ತಿಲಿನಲ್ಲಿ ಅವನ ಕಣ್ಣಿಗೆ ಬಿತ್ತು. ಆ ಮನೆಯವರು ಅದನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದರು. ಆಗಿನ ಮಂತ್ರಿಗಳ ಹೆಸರಿನ ಮೇಲೆ ದಿನಾ ಚಡ್ಡಿ ಕುಕ್ಕುತ್ತಿದ್ದರೂ ಒಂದು ಅಕ್ಷರದ ಅಂಚೂ ಸವೆದಿರಲಿಲ್ಲ. "ನೋಡು, ನನ್ನ ಕೆಲಸ ಅಂದ್ರೆ ಹಾಗಿರುತ್ತೆ," ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ್ದ. ಅವಳು ಶಾಲಾ ಸಮವಸ್ತ್ರ ಹೊಲಿಯುವ ಮಿಷನ್ನಿನ ಮೇಲಿಂದ ತಲೆ ಎತ್ತದೆಯೇ, "ಹೌದು, ಕೊಳೆ ಚೆನ್ನಾಗಿ ಬಿಡುತ್ತಿರಬೇಕು," ಎಂದಿದ್ದಳು.

ಕಲ್ಲಿನ ಮೇಲೆ ಯಾರ ಹೆಸರು ಎಲ್ಲಿ, ಎಷ್ಟು ದಪ್ಪ ಎನ್ನುವುದು ಊರಿನ ದೊಡ್ಡ ರಾಜಕೀಯ. ಮಂತ್ರಿಗಳು ಮೇಲೆ, ಅವರಿಗಿಂತ ಒಂದು ಬೆರಳು ಸಣ್ಣಗೆ ನಗರಸಭೆಯ ಅಧ್ಯಕ್ಷರು, ಆಮೇಲೆ ಸದಸ್ಯರು, ಇಂಜಿನಿಯರು, ಎಲ್ಲರಿಗಿಂತ ಕೆಳಗೆ ಗುತ್ತಿಗೆದಾರ. ಒಬ್ಬ ಸದಸ್ಯ ಶೆಡ್ಡಿಗೇ ಬಂದು, "ಏನ್ರೀ ಮೇಸ್ತ್ರಿ, ನನ್ನ ಹೆಸರನ್ನ ಇರುವೆ ಓದ್ಲಿ ಅಂತ ಕೆತ್ತಿದ್ದೀರಾ?" ಎಂದು ಕೂಗಾಡಿದ್ದ. ಮೇಸ್ತ್ರಿ ಇಂಥವರಿಗೆಲ್ಲ ನಕ್ಕು ಸುಮ್ಮನಾಗುತ್ತಿದ್ದ. ಹೆಸರಿನ ಹಿಂದಿನ ಮನುಷ್ಯ ಎಂಥವನು ಎನ್ನುವುದು ಅವನ ಯೋಚನೆಗೆ ಬರುತ್ತಿರಲಿಲ್ಲ. ಅಕ್ಷರ ನೆಟ್ಟಗಿರಬೇಕು, ಆಳ ಒಂದೇ ಸಮ ಇರಬೇಕು, ತುಂಬಿದ ಬಣ್ಣ ಅಂಚು ದಾಟಬಾರದು. ಅವನ ನೀತಿ ನಿಯಮವೆಲ್ಲ ಅಷ್ಟಕ್ಕೆ ಮುಗಿಯುತ್ತಿತ್ತು.

ನಗರಸಭೆಯ ಕೆಲಸಗಳನ್ನು ಅವನಿಗೆ ತಂದುಕೊಡುತ್ತಿದ್ದವನು ಹೆಂಡತಿಯ ತಮ್ಮ. ಅಧ್ಯಕ್ಷರ ಕೊಠಡಿಯ ಹೊರಗೆ ಸ್ಟೂಲಿನ ಮೇಲೆ ಕೂರುವ ಜವಾನ. ಜವಾನನೆಂದರೆ ಹೆಸರಿಗೆ ಮಾತ್ರ. ಯಾರನ್ನು ಒಳಗೆ ಬಿಡಬೇಕು, ಯಾರಿಗೆ "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ" ಎನ್ನಬೇಕು ಎಂಬ ಲೆಕ್ಕವೆಲ್ಲ ಅವನದೇ. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಫೋನು, ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮೇಸ್ತ್ರಿಯ ಮಗಳಿಗೆ ನಗರಸಭೆಯ ಜನನ ಮರಣ ನೋಂದಣಿ ಕೌಂಟರಿನಲ್ಲಿ ದಿನಗೂಲಿ ಕೆಲಸ ಕೊಡಿಸಿದ್ದವನೂ ಅವನೇ. "ಸ್ವಲ್ಪ ತಾಳ್ಮೆ ಇರಲಿ ಭಾವ, ಖಾಯಂ ಮಾಡಿಸೋ ಜವಾಬ್ದಾರಿ ನಂದು," ಎಂದು ಬಂದಾಗಲೆಲ್ಲ ಹೇಳಿ, ಅಕ್ಕ ಮಾಡಿಕೊಟ್ಟ ಚಹಾ ಕುಡಿದು ಹೋಗುತ್ತಿದ್ದ.

ರೈಲು ಹಳಿಯ ಆಚೆಯ ಬಡಾವಣೆಗೆ ಹೊಸ ನೀರಿನ ಟ್ಯಾಂಕ್ ಕಟ್ಟಿಸಿದ್ದು ಈ ಅಧ್ಯಕ್ಷರ ಕಾಲದಲ್ಲೇ. ಕಟ್ಟಿದ ಗುತ್ತಿಗೆದಾರ ಅಧ್ಯಕ್ಷರ ಷಡ್ಡಕ. ಇದೇನೂ ಗುಟ್ಟಲ್ಲ. ಊರಿನ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಎತ್ತರದ ಕಂಬಗಳ ಮೇಲೆ ದುಂಡನೆಯ ಟ್ಯಾಂಕು, ಅದಕ್ಕೆ ಆಕಾಶನೀಲಿ ಬಣ್ಣ, ಬುಡದ ಕಂಬಕ್ಕೆ ಮೇಸ್ತ್ರಿಯ ಕಲ್ಲು. ಆ ಕಲ್ಲಿನ ಬಗ್ಗೆ ಮೇಸ್ತ್ರಿಗೆ ಒಳಗೊಳಗೇ ಹೆಮ್ಮೆ. ಕಲ್ಲು ಒಳ್ಳೆಯ ಜಾತಿಯದು, ಒಂದು ಕಲೆಯಿಲ್ಲ, ಗೆರೆಯಿಲ್ಲ. ಕೈ ಹದವಾಗಿದ್ದ ದಿನಗಳು. ಅಕ್ಷರಗಳನ್ನು ಬೇರೆ ಕಲ್ಲುಗಳಿಗಿಂತ ಆಳವಾಗಿ ಇಳಿಸಿದ್ದ. ಉದ್ಘಾಟನೆಯ ದಿನ ಎಲ್ಲರೂ ತಲೆ ಎತ್ತಿ ಟ್ಯಾಂಕು ನೋಡಿದರೆ, ಅವನು ಕುಕ್ಕರುಗಾಲಲ್ಲಿ ಕೂತು ಕಲ್ಲು ನೋಡಿಕೊಂಡು ಬಂದಿದ್ದ.

ಆ ಟ್ಯಾಂಕಿನಿಂದ ಬಡಾವಣೆಗೆ ನೀರು ಬಿಡುತ್ತಿದ್ದವನು ನೀರಣ್ಣ. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಸೈಕಲ್ಲಿನಲ್ಲಿ ಬೀದಿ ಬೀದಿಯ ವಾಲ್ವು ತಿರುಗಿಸುವುದು ಅವನ ಕೆಲಸ. ಬೆಳಗಿನ ಸುತ್ತು ಮುಗಿದ ಮೇಲೆ ಮೇಸ್ತ್ರಿಯ ಶೆಡ್ಡಿಗೆ ಬಂದು ಒಂದು ಚಹಾ ಕುಡಿಯದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ. ನೀರು ಬರುವುದು ತಡವಾದರೆ ಹೆಂಗಸರು ತನಗೆ ಹೇಗೆಲ್ಲ ಶಾಪ ಹಾಕುತ್ತಾರೆ ಎನ್ನುವುದನ್ನು ಅವರವರ ದನಿಯಲ್ಲೇ ಅಣಕಿಸಿ ತೋರಿಸುತ್ತಿದ್ದ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು.

ಉದ್ಘಾಟನೆಯಾಗಿ ಮೂರನೇ ವರ್ಷದ ಬೇಸಿಗೆಯಲ್ಲಿ ಒಂದು ದಿನ ನೀರಣ್ಣ ನಗಿಸಲಿಲ್ಲ.

"ಮೇಸ್ತ್ರಿ, ಟ್ಯಾಂಕು ಬೆವರ್ತಾ ಇದೆ."

"ಬಿಸಿಲಿಗೆ ಎಲ್ಲರೂ ಬೆವರ್ತಾರೆ."

"ತಮಾಷೆ ಅಲ್ಲ ಮಾರಾಯ. ಕಂಬದ ಮೇಲ್ಗಡೆ ಕೈ ಇಟ್ರೆ ತೇವ ಹತ್ತುತ್ತೆ. ಉಗುರಲ್ಲಿ ಕೆರೆದ್ರೆ ಮರಳು ಉದುರುತ್ತೆ."

"ಇಂಜಿನಿಯರಿಗೆ ಹೇಳು."

"ಹೇಳಿದೆ. ಹೊಸ ಟ್ಯಾಂಕು, ಸೆಟ್ಟಾಗ್ತಾ ಇದೆ ಅಂದ. ನಿನ್ನ ಕೆಲಸ ವಾಲ್ವು ತಿರುಗಿಸೋದು, ತಿರುಗಿಸು ಅಂದ."

ನೀರಣ್ಣ ಅದಾದ ಮೇಲೂ ಹೇಳಿದ. ಇಂಜಿನಿಯರಿಗೆ ಇನ್ನೊಮ್ಮೆ, ಅಧ್ಯಕ್ಷರ ಕೊಠಡಿಯ ಹೊರಗೆ ಮೇಸ್ತ್ರಿಯ ಬಾಮೈದನಿಗೆ ಒಮ್ಮೆ. ಬಾಮೈದ, "ಸಾಹೇಬ್ರ ಕಿವಿಗೆ ಹಾಕ್ತೀನಿ," ಎಂದ. ಹಾಕಿದನೋ ಇಲ್ಲವೋ, ಹಾಕಿದರೂ ಆ ಕಿವಿಯಿಂದ ಅದು ಎಲ್ಲಿಗೆ ಹೋಯಿತೋ, ಯಾರಿಗೂ ತಿಳಿಯದು.

ಟ್ಯಾಂಕು ಕುಸಿದದ್ದು ಬೆಳಗಿನ ಹೊತ್ತು, ಅದು ಭರ್ತಿಯಾಗಿ ನೀರಣ್ಣ ಬುಡದ ದೊಡ್ಡ ವಾಲ್ವಿಗೆ ಕೀಲಿ ಹಾಕಿದ್ದಾಗ. ಮೇಸ್ತ್ರಿಗೆ ಶೆಡ್ಡಿನಲ್ಲಿ ಕೇಳಿಸಿದ್ದು ಗುಡುಗಿನಂಥ ಒಂದು ಸದ್ದು. ಕಲ್ಲಿನ ಮೇಲಿನ ಪುಡಿ ಅಲುಗಿತು. ಓಡಿ ಹೋಗಿ ನೋಡಿದರೆ ಬಡಾವಣೆಯ ಬೀದಿಯಲ್ಲಿ ಮೊಣಕಾಲುದ್ದ ಕೆಸರು ನೀರು, ಅದರಲ್ಲಿ ತೇಲುವ ಬಕೆಟ್ಟು, ಚಪ್ಪಲಿ, ದಿಂಬು. ಟ್ಯಾಂಕು ತನ್ನ ಪಕ್ಕದ ಮನೆಗಳ ಮೇಲೆ ಕೂತುಬಿಟ್ಟಿತ್ತು. ಮುದುಕರು, ಶಾಲೆಗೆ ಹೊರಟು ನಿಂತಿದ್ದ ಮಕ್ಕಳು, ಬಾಣಂತಿಯೊಬ್ಬಳು. ನೀರಣ್ಣನನ್ನು ಕೊನೆಗೆ ಹೊರತೆಗೆದರು. ಆ ಸಾವುಗಳನ್ನೆಲ್ಲ ಮೇಸ್ತ್ರಿಯ ಮಗಳು ತನ್ನ ಕೌಂಟರಿನಲ್ಲಿ ಕೂತು ಒಂದಾದ ಮೇಲೊಂದು ನೋಂದಾಯಿಸಿದಳು. ಮನೆಗೆ ಬಂದು ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಅದರ ಮಾರನೇ ದಿನವೇ ಊರಿನಲ್ಲಿ ಒಂದು ಹೊಸ ಮಾತು ಹುಟ್ಟಿತು. ಬಿದ್ದದ್ದು ಹಳೇ ಟ್ಯಾಂಕಂತೆ. ಬಹಳ ಹಿಂದೆ ಯಾರೋ ಕಟ್ಟಿಸಿದ್ದಂತೆ. ಈ ಅಧ್ಯಕ್ಷರು ಮಾಡಿಸಿದ್ದು ಬರೀ ಸುಣ್ಣ ಬಣ್ಣವಂತೆ. ಬಡಾವಣೆಯ ಜನ ಮೊದಲು ಇದನ್ನು ಕೇಳಿ ನಕ್ಕರು, ಆಮೇಲೆ ಸಿಟ್ಟಿಗೆದ್ದರು. ಪಾಯ ತೋಡಿದ್ದನ್ನು, ಕಂಬ ಎಬ್ಬಿಸಿದ್ದನ್ನು ಅವರು ತಮ್ಮ ಮನೆಯ ಜಗುಲಿಯಲ್ಲಿ ಕೂತು ಕಣ್ಣಾರೆ ಕಂಡಿದ್ದರು. ಆದರೆ ನಗರಸಭೆಯ ಕಡತಗಳು ಅಷ್ಟರಲ್ಲಿ ಆ ಹೊಸ ಮಾತನ್ನೇ ಆಡತೊಡಗಿದ್ದವು. ಯಾಕೆಂದರೆ ಹೊಸ ಟ್ಯಾಂಕು ಐದು ವರ್ಷದೊಳಗೆ ಬಿದ್ದರೆ ಕಟ್ಟಿದವನೂ ಕಟ್ಟಿಸಿದವನೂ ಜೈಲಿಗೆ ಹೋಗಬೇಕು. ಹಳೆಯದು ಬಿದ್ದರೆ ಯಾರೂ ಹೋಗಬೇಕಿಲ್ಲ. ಅದು ವಯಸ್ಸಾಗಿ ಸತ್ತ ಹಾಗೆ.

ಆ ಮಧ್ಯಾಹ್ನ ಬಾಮೈದ ಶೆಡ್ಡಿಗೆ ಬಂದ. ಚಹಾ ಬೇಡವೆಂದ. ಅವನು ಚಹಾ ಬೇಡವೆಂದದ್ದು ಅದೇ ಮೊದಲು.

"ಭಾವ, ಒಂದು ಸಣ್ಣ ಕೆಲಸ. ಮುರಿದ ಕಂಬದಲ್ಲಿ ಆ ಟ್ಯಾಂಕಿನ ಕಲ್ಲು ಇನ್ನೂ ಇದೆಯಲ್ಲ, ಅದರ ಮೇಲಿನ ಹೆಸರುಗಳನ್ನ ತೆಗೆದುಬಿಡಬೇಕು."

"ತೆಗೆದು?"

"ಜನ ರೊಚ್ಚಿಗೆದ್ದಿದ್ದಾರೆ. ಅಧ್ಯಕ್ಷರ ಹೆಸರಿಗೆ ಚಪ್ಪಲಿಯಲ್ಲಿ ಹೊಡೀತಾರೆ, ಮಸಿ ಬಳೀತಾರೆ. ಚೆನ್ನಾಗಿರುತ್ತಾ? ದೊಡ್ಡವರ ಮರ್ಯಾದೆ ಪ್ರಶ್ನೆ."

"ಹಾಗಿದ್ರೆ ಕಲ್ಲನ್ನೇ ಕಿತ್ತುಕೊಂಡು ಹೋಗಿ."

"ಕಿತ್ತರೆ ಆ ಮೋಟು ಕಂಬ ಉಳಿದ ಗೋಡೆ ಸಮೇತ ಬೀಳುತ್ತೆ. ಇನ್ನೊಂದು ನಾಲ್ಕು ಜನ ಸಾಯಬೇಕಾ?" ಬಾಮೈದ ಗೋಣಿಚೀಲದ ಅಂಚಿನಲ್ಲಿ ಕುಕ್ಕರಿಸಿದ. ದನಿ ಇಳಿಸಿದ. "ನೋಡಿ ಭಾವ, ಇದು ನಾನು ಕೇಳ್ತಾ ಇರೋದಲ್ಲ. ಮೇಲಿಂದ ಬಂದಿದ್ದು. ಹುಡುಗಿ ಕೆಲಸ ಬೇರೆ ಇನ್ನೂ ಖಾಯಂ ಆಗಿಲ್ಲ."

ಮೇಸ್ತ್ರಿ ಉಳಿಗಳನ್ನು ಚೀಲಕ್ಕೆ ತುಂಬಿಕೊಂಡ. ಹೆದರಿಕೆಯೇ ಎಂದು ಕೇಳಿದರೆ ಹೆದರಿಕೆ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ರೂಢಿ. ನಗರಸಭೆ ಹೇಳುವುದು, ತಾನು ಮಾಡುವುದು. ಅಷ್ಟು ವರ್ಷ ಅದರ ಅನ್ನ ತಿಂದ ಕೈ ಹೇಳಿದ ಕೂಡಲೇ ಚೀಲದ ಕಡೆ ಹೋಗಿಬಿಟ್ಟಿತ್ತು.

ಅವಶೇಷದ ಸುತ್ತ ಹಗ್ಗ ಕಟ್ಟಿ ಪೊಲೀಸರಿಬ್ಬರು ಕಾವಲಿದ್ದರು. ಬಾಮೈದ ಅವರ ಕಿವಿಯಲ್ಲಿ ಏನೋ ಅಂದ. ಅವರು ಊಟಕ್ಕೆ ಹೋದರು. ಬಿಸಿಲು ನೆತ್ತಿಗೇರಿತ್ತು. ಮುರಿದ ಗೋಡೆಗೆ ಒರಗಿಸಿದ ಹಾಗೆ ನೀರಣ್ಣನ ಕಬ್ಬಿಣದ ಕೀಲಿ ನಿಂತಿತ್ತು. ಯಾರೋ ಎತ್ತಿ ಜೋಪಾನವಾಗಿ ಇಟ್ಟಿದ್ದರು. ಮೇಸ್ತ್ರಿ ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಬಾಮೈದ, "ಬೇಗ ಭಾವ, ಬೇಗ," ಎಂದ.

ಮೇಸ್ತ್ರಿ ಅಧ್ಯಕ್ಷರ ಹೆಸರಿಗೆ ಉಳಿ ಇಟ್ಟ.

"ಅಲ್ಲಲ್ಲ. ಮೊದಲು ತಾರೀಖು."

"ಯಾಕೆ? ಮರ್ಯಾದೆ ಪ್ರಶ್ನೆ ಹೆಸರಿಂದಲ್ವಾ? ತಾರೀಖಿಗೆ ಯಾರು ಚಪ್ಪಲಿಯಲ್ಲಿ ಹೊಡೀತಾರೆ?"

ಬಾಮೈದ ಬೇರೆ ಕಡೆ ನೋಡಿದ. "ಮೊದಲು ತಾರೀಖು ಹೋಗಲಿ. ಆಮೇಲೆ 'ನೂತನ' ಅಂತ ಇದೆಯಲ್ಲ, ಅದು. ಆಮೇಲೆ ಗುತ್ತಿಗೆದಾರ. ಉಳಿದದ್ದು ಹೊತ್ತಿದ್ರೆ."

ಮೇಸ್ತ್ರಿಗೆ ಆಗ ಅರ್ಥವಾಯಿತು. ಮುಂದೆ ಅವನು ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡದ್ದು ಈ ಗಳಿಗೆಯ ಬಗ್ಗೆಯೇ. ಅರ್ಥವಾಗಲಿಲ್ಲ ಎಂದು ಬೇರೆಯವರಿಗೆ ಹೇಳಬಹುದಿತ್ತು, ಹೇಳಿದ್ದರೆ ನಂಬುವವರೂ ಇದ್ದರು. ಆದರೆ ಅರ್ಥವಾಗಿತ್ತು, ನಿಚ್ಚಳವಾಗಿ. ಕೈ ಒಂದು ಕ್ಷಣ ನಿಂತಿತು. ಬಾಮೈದನ ಫೋನು ಗುಂಯ್ ಎಂದಿತು. ಬಾಮೈದ ಅದನ್ನು ಕಿವಿಗಿಟ್ಟು, "ಆಗ್ತಾ ಇದೆ ಸಾರ್, ಆಗ್ತಾ ಇದೆ," ಎಂದ. ಮೇಸ್ತ್ರಿಯ ಕೈ ಮತ್ತೆ ಶುರುವಾಯಿತು.

ಬೇರೆ ಕಲ್ಲಾಗಿದ್ದರೆ ಬೇಗ ಮುಗಿಯುತ್ತಿತ್ತೇನೋ. ಈ ಅಕ್ಷರಗಳು ಆಳಕ್ಕಿಳಿದಿದ್ದವು. ಅಷ್ಟು ಹೆಮ್ಮೆಯಿಂದ ಇಳಿಸಿದ್ದವನನ್ನು ಮೇಸ್ತ್ರಿ ಅಂದು ಮನಸ್ಸಿನಲ್ಲೇ ಬೈದುಕೊಂಡ. ಬೆವರು ಕಣ್ಣಿಗಿಳಿಯಿತು. ಕಲ್ಲಿನ ಮುಖವೆಲ್ಲ ಸಿಡುಬು ಬಂದ ಹಾಗಾಯಿತು. ಬಾಮೈದ ಗೋಡೆಯ ನೆರಳಿನಲ್ಲಿ ನಿಂತೇ ಇದ್ದ, ಬಿಸಿಲಿಗೆ ಬರಲಿಲ್ಲ.

ಆ ನೆರಳು ಅವನನ್ನು ಕಾಪಾಡಿತು. ಎದುರು ಮನೆಯ ತಾರಸಿಯಿಂದ ಯಾರೋ ಫೋನಿನಲ್ಲಿ ಚಿತ್ರ ತೆಗೆದಿದ್ದರು. ಸಂಜೆಯ ಹೊತ್ತಿಗೆ ಊರಿಗೆ ಊರೇ ಅದನ್ನು ನೋಡಿತ್ತು: ಒಬ್ಬ ಮನುಷ್ಯ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು, ಹೆಣಗಳು ಬಿದ್ದಿದ್ದ ಜಾಗದಲ್ಲಿ ನಿಂತು ಕಲ್ಲು ಒಡೆಯುತ್ತಿದ್ದಾನೆ. ಕರ್ಚೀಫು ಕಟ್ಟಿದ್ದು ಪುಡಿಗೆ. ನೋಡಿದವರಿಗೆ ಅವನು ಕಳ್ಳನಂತೆ ಕಂಡ. ನೆರಳಿನಲ್ಲಿ ನಿಂತವನು ಯಾರಿಗೂ ಕಾಣಲಿಲ್ಲ.

ಬೆಳಿಗ್ಗೆ ಪೊಲೀಸರು ಮನೆ ಬಾಗಿಲಿಗೆ ಬಂದರು. ದೂರು ಕೊಟ್ಟದ್ದು ಸಾಕ್ಷಾತ್ ನಗರಸಭೆ. ಸಾರ್ವಜನಿಕ ಆಸ್ತಿಗೆ ಹಾನಿ, ಸಾಕ್ಷ್ಯನಾಶ. ಅಧ್ಯಕ್ಷರು ಹತ್ತಾರು ಮೈಕುಗಳ ಮುಂದೆ ನಿಂತು, ಗಂಟಲು ಗದ್ಗದ ಮಾಡಿಕೊಂಡು, "ಈ ನೀಚ ಕೃತ್ಯ ಎಸಗಿದವನ ಹಿಂದೆ ಯಾರೇ ಇರಲಿ, ಬಿಡುವ ಪ್ರಶ್ನೆಯೇ ಇಲ್ಲ," ಎಂದರು. ಮೇಸ್ತ್ರಿಯನ್ನು ಜೀಪಿಗೆ ಹತ್ತಿಸುವಾಗ ಅವನ ಹೆಂಡತಿ ಮಿಷನ್ನಿನಿಂದೆದ್ದು ಬಂದವಳು, ಕೈಯಲ್ಲಿ ಇನ್ನೂ ಅರ್ಧ ಹೊಲಿದ ಲಂಗ ಹಿಡಿದೇ, "ಯಾರು ಹೇಳಿದ್ದು ಅಂತ ಹೇಳ್ರೀ! ಬಾಯಿ ಬಿಡ್ರೀ!" ಎಂದು ಕೂಗಿದಳು. ಹೇಳಿದ್ದು ತನ್ನ ತಮ್ಮನೇ ಎನ್ನುವುದು ಅವಳಿಗೆ ಆಗಿನ್ನೂ ಗೊತ್ತಿರಲಿಲ್ಲ.

ಠಾಣೆಯಲ್ಲಿದ್ದಾಗ ಬಾಮೈದ ಒಬ್ಬ ವಕೀಲನನ್ನು ಕರೆದುಕೊಂಡು ಬಂದ. ವಕೀಲನ ಬೂಟು ಮಿರಮಿರ ಮಿಂಚುತ್ತಿತ್ತು. ಅಂಥ ವಕೀಲನನ್ನು ತನಗೆ ಯಾರು ಗೊತ್ತು ಮಾಡಿರಬಹುದು ಎಂದು ಮೇಸ್ತ್ರಿ ಕೇಳಲಿಲ್ಲ.

"ಸತ್ತವನು ನಿಮ್ಮ ಜೀವದ ಗೆಳೆಯ ತಾನೆ?" ಎಂದ ವಕೀಲ. "ದುಃಖದಲ್ಲಿ ನಿಮಗೆ ತಲೆ ಕೆಟ್ಟಿತು. ಆ ಹೆಸರುಗಳನ್ನ ನೋಡೋಕಾಗದೆ ಒಡೆದು ಹಾಕಿದ್ರಿ. ಅಷ್ಟು ಹೇಳಿ ಸಾಕು. ಯಾವ ನ್ಯಾಯಾಧೀಶನಾದ್ರೂ ಕರಗ್ತಾನೆ. ಬೇಗ ಹೊರಗೆ ಬರ್ತೀರಿ."

ಬಾಮೈದ ಸೇರಿಸಿದ: "ಹುಡುಗಿ ಆರ್ಡರು ರೆಡಿ ಇದೆ ಭಾವ. ಸಹಿ ಒಂದು ಬಾಕಿ."

ಮೇಸ್ತ್ರಿ ಆ ಕಥೆಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. ಕೇಳಲು ಎಷ್ಟು ಚೆನ್ನಾಗಿತ್ತು! ತಾನು ಮಾಡಬೇಕಾಗಿದ್ದದ್ದೇ ಅದು. ನೀರಣ್ಣ ಸತ್ತದ್ದಕ್ಕೆ ಸಿಟ್ಟಿನಿಂದ ಆ ಹೆಸರುಗಳನ್ನು ಕುಟ್ಟಿ ಪುಡಿ ಮಾಡಿದ್ದರೆ ಇಂದು ತಲೆ ಎತ್ತಿ ಕೂರಬಹುದಿತ್ತು. ತೋರದೇ ಇದ್ದ ಗಂಡಸುತನವನ್ನು ಇವರು ಪುಕ್ಕಟೆಯಾಗಿ ತೊಡಿಸಲು ಬಂದಿದ್ದರು.

"ನಾನು ದುಃಖಕ್ಕೆ ಒಡೆದಿಲ್ಲ," ಎಂದ. "ನೀನು ಹೇಳಿದ್ದಕ್ಕೆ ಒಡೆದೆ. ಹಾಗೇ ಹೇಳ್ತೀನಿ."

ಬಾಮೈದನ ಮುಖ ಕಪ್ಪಿಟ್ಟಿತು. "ಯೋಚನೆ ಮಾಡಿ ಭಾವ," ಎಂದು ಎದ್ದ. ವಕೀಲ ಮತ್ತೆ ಬರಲಿಲ್ಲ.

ಸರ್ಕಾರ ಒಬ್ಬ ನಿವೃತ್ತ ನ್ಯಾಯಾಧೀಶರ ಆಯೋಗ ನೇಮಿಸಿತು. ಮೇಸ್ತ್ರಿಯನ್ನು ಅದರ ಮುಂದೆ ನಿಲ್ಲಿಸಿದ್ದು ನಗರಸಭೆಯದೇ ಸಭಾಂಗಣದಲ್ಲಿ. ಪೊಲೀಸರ ನಡುವೆ ಮೆಟ್ಟಿಲು ಹತ್ತುವಾಗ ಗೋಡೆಯಲ್ಲಿ ತನ್ನದೇ ಎರಡು ಕಲ್ಲುಗಳನ್ನು ದಾಟಿ ಹೋದ. ಒಳಗೆ ಫ್ಯಾನು ಕಿರ್‌ರ್ ಎನ್ನುತ್ತಿತ್ತು. ನ್ಯಾಯಾಧೀಶರು ತಾಳ್ಮೆಯ ಮನುಷ್ಯ. ಮೇಸ್ತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಟ್ಯಾಂಕು ಹೊಸದು, ಕಲ್ಲಿನ ಮೇಲೆ ಇಂಥ ತಾರೀಖಿತ್ತು, ಇಂಥವರ ಹೆಸರಿತ್ತು, ಬಾಮೈದ ಬಂದು ಅಳಿಸು ಅಂದ, ಅಳಿಸಿದೆ.

ನಗರಸಭೆಯ ವಕೀಲ ಎದ್ದ.

"ಆ ಬರಹ ಈಗ ಕಲ್ಲಿನ ಮೇಲಿದೆಯೇ?"

"ಇಲ್ಲ."

"ಯಾಕಿಲ್ಲ?"

"ನಾನೇ ಅಳಿಸಿದೆನಲ್ಲ ಸ್ವಾಮಿ."

"ಅಂದರೆ ಇದ್ದ ಒಂದು ಆಧಾರವನ್ನು ನಾಶ ಮಾಡಿದವರು ನೀವು. ಅದರಲ್ಲಿ ಏನಿತ್ತು ಎಂದು ನಾವು ನಂಬಬೇಕಾದದ್ದೂ ನಿಮ್ಮನ್ನೇ!" ವಕೀಲ ಸಭೆಯ ಕಡೆ ತಿರುಗಿ ನಕ್ಕ. ಹಿಂದಿನ ಸಾಲಿನಲ್ಲಿ ಕೂತವರೂ ನಕ್ಕರು.

ಆಮೇಲೆ ಬಾಮೈದನ ಸರದಿ. ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಮೇಸ್ತ್ರಿಯ ಕಡೆ ನೋಡಿ ಕಣ್ಣೊರೆಸಿಕೊಂಡ. ಆ ಕಣ್ಣೀರು ನಿಜವೇ ಇರಬೇಕೆಂದು ಮೇಸ್ತ್ರಿಗೆ ಈಗಲೂ ಅನ್ನಿಸುತ್ತದೆ.

"ನಮ್ಮ ಭಾವ ತುಂಬ ಒಳ್ಳೆಯವರು ಸ್ವಾಮಿ. ಸತ್ತವನು ಅವರ ಗೆಳೆಯ. ಆವತ್ತು ಹುಚ್ಚು ಹಿಡಿದವರ ಹಾಗೆ ಉಳಿ ತಗೊಂಡು ಓಡಿದ್ರು. ನಾನು ತಡೆಯೋಕೆ ಅಂತ ಹಿಂದೆ ಹೋದೆ, ಆಗಲಿಲ್ಲ. ಅವರ ಮೇಲೆ ಕರುಣೆ ತೋರಿಸಬೇಕು."

ಬೇಡವೆಂದ ಕಥೆಯನ್ನು ಹೀಗೆ ಅವನ ಕೊರಳಿಗೆ ಕಟ್ಟಿಯೇ ಬಿಟ್ಟರು. ಸಭಾಂಗಣದ ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅವನ ಹೆಂಡತಿ ಹೊರಗೆ ಹೋದಳು. ಅಂದಿನಿಂದ ಅವಳು ತಮ್ಮನೊಡನೆ ಮಾತಾಡಿಲ್ಲ.

ಬಡಾವಣೆಯವರಲ್ಲಿ ಯಾರಾದರೂ ಬಂದು, ನಾವು ಕಣ್ಣಾರೆ ಕಂಡಿದ್ದೇವೆ ಎಂದಾರು ಎಂದು ಮೇಸ್ತ್ರಿ ಕಾದ. ಮೊದಲಿಗೆ ಕೂಗಾಡಿದವರು ಬಹಳ ಮಂದಿ. ಆದರೆ ಅಷ್ಟರಲ್ಲಿ ಮನೆ ಇಲ್ಲವೇ ಮನೆಯವರನ್ನು ಕಳೆದುಕೊಂಡವರಿಗೆಲ್ಲ ಊರಾಚೆ ಹೊಸ ಫ್ಲಾಟು ಕೊಡುವುದೆಂದು ತೀರ್ಮಾನವಾಗಿತ್ತು. ಕೀಲಿ ಕೈಗೆ ಬರುವವರೆಗೆ ಯಾರೂ ಕೆಮ್ಮಲಿಲ್ಲ. ಕೀಲಿ ಬಂದ ಮೇಲಂತೂ ಕೆಮ್ಮುವ ಪ್ರಶ್ನೆಯೇ ಇರಲಿಲ್ಲ.

ಆಯೋಗದ ವರದಿ ಬಂತು. ದಪ್ಪನೆಯ ವರದಿ. ಅದರ ತಿರುಳು ಇಷ್ಟೇ: ಉದ್ಘಾಟನಾ ಫಲಕದ ಬರಹವನ್ನು ಆರೋಪಿಯು ಉದ್ದೇಶಪೂರ್ವಕವಾಗಿ ನಾಶಪಡಿಸಿರುವುದರಿಂದ, ಟ್ಯಾಂಕ್ ಯಾವಾಗ ಕಟ್ಟಿದ್ದು, ಕಟ್ಟಿದವರು ಯಾರು ಎಂಬುದನ್ನು ನಿಖರವಾಗಿ ಹೇಳಲು ಸಾಧ್ಯವಾಗಿಲ್ಲ. ಹೀಗೆ ಅಷ್ಟು ಹೆಣಗಳು ಬಿದ್ದ ವ್ಯವಹಾರದಲ್ಲಿ ತಪ್ಪಿತಸ್ಥನೆಂದು ಹೆಸರು ಬಂದದ್ದು ಒಬ್ಬನದೇ. ಇಂಜಿನಿಯರಿಗೆ ಬೇರೆ ಊರಿಗೆ ವರ್ಗವಾಯಿತು, ಇನ್ನೂ ದೊಡ್ಡ ಕುರ್ಚಿಗೆ. ಷಡ್ಡಕ ತನ್ನ ಕಂಪನಿಯ ಬೋರ್ಡು ಇಳಿಸಿ ಹೆಂಡತಿಯ ಹೆಸರಿನಲ್ಲಿ ಹೊಸ ಬೋರ್ಡು ಏರಿಸಿದ. ಮೇಸ್ತ್ರಿಗೆ ಜೈಲಾಯಿತು. ಮಗಳ ದಿನಗೂಲಿ ಕೆಲಸ ಹೋಯಿತು. ಸಾಕ್ಷ್ಯ ನಾಶ ಮಾಡಿದವನ ಮಗಳನ್ನು ನೋಂದಣಿ ಕೌಂಟರಿನಲ್ಲಿ ಕೂರಿಸಿದರೆ ಜನ ಏನಂದಾರು ಎಂದು ಅಧ್ಯಕ್ಷರೇ ಕಳವಳ ಪಟ್ಟರಂತೆ.

ಜೈಲಿನಲ್ಲಿ ಅವನನ್ನು ಯಾರೂ ಹಿಂಸಿಸಲಿಲ್ಲ. ಅಲ್ಲಿನವರು ಅವನ ಕಥೆ ಕೇಳಿ ನಗುತ್ತಿದ್ದರು. "ಏನೂ ಹೊಡ್ಕೊಳ್ದೆ ಒಳಗೆ ಬಂದಿದ್ದೀಯಲ್ಲೋ ಯಜಮಾನ," ಎಂದು ಒಬ್ಬ ಜೇಬುಗಳ್ಳ ನಿಜವಾಗಿಯೂ ಮರುಗಿದ್ದ.

ಹೊರಬಂದಾಗ ಶೆಡ್ಡಿನ ಜಾಗದಲ್ಲಿ ನಗರಸಭೆಯ ವಾಹನಗಳ ನಿಲ್ದಾಣವಿತ್ತು. ಕಲ್ಲಿಗೆ ಅಕ್ಷರವನ್ನು ಈಗ ಮಿಷನ್ನು ಕೊರೆಯುತ್ತಿತ್ತು. ಮೇಸ್ತ್ರಿ ಒಂದು ಗ್ರಾನೈಟ್ ಅಂಗಡಿಗೆ ಸೇರಿಕೊಂಡ. ಅಡುಗೆಮನೆ ಕಟ್ಟೆಗೆ ಕಲ್ಲು ಕತ್ತರಿಸುವುದು, ಸಿಂಕಿಗೆ ತೂತು ಕೊರೆಯುವುದು. ಅಲ್ಲಿ ಯಾವ ಹೆಸರೂ ಬರೆಯುವ ಹಾಗಿರಲಿಲ್ಲ, ಅದೊಂದು ಸಮಾಧಾನ. ಬಾಮೈದ ಬಡ್ತಿ ಪಡೆದು ಗುಮಾಸ್ತನಾಗಿದ್ದ. ಒಂದು ಭಾನುವಾರ ಮನೆ ಬಾಗಿಲವರೆಗೆ ಬಂದ. ಅಕ್ಕ ಒಳಗಿನಿಂದ ಅಗುಳಿ ಹಾಕಿದಳು.

"ತೆಗಿ," ಎಂದ ಮೇಸ್ತ್ರಿ. "ಅವನೂ ನನ್ನ ಥರವೇ. ಮೇಲಿನವರು ಅಳಿಸು ಅಂದ್ರು, ಅಳಿಸಿದ."

"ನೀವು ಅಳಿಸಿದ್ದು ಕಲ್ಲನ್ನ. ಅವನು ಅಳಿಸಿದ್ದು ನಿಮ್ಮನ್ನ." ಅವಳು ಅಗುಳಿಯ ಮೇಲಿಂದ ಕೈ ತೆಗೆಯಲಿಲ್ಲ. "ಒಂದೇ ತಕ್ಕಡೀಲಿ ತೂಗಬೇಡಿ."

ಅವಳು ಗಂಡನ ಪರವಾಗಿಯೇ ಹೇಳಿದ್ದಳು. ಆದರೆ ಎರಡೂ ಬೇರೆ ಬೇರೆ ಎಂದು ಅವನ ಮನಸ್ಸು ಒಪ್ಪಲಿಲ್ಲ.

ನೀರಣ್ಣನ ಹೆಂಡತಿಯ ಮುಖ ನೋಡುವ ಧೈರ್ಯ ಬರಲು ಅವನಿಗೆ ಬಹಳ ದಿನ ಹಿಡಿಯಿತು. ಒಂದು ರಜೆಯ ದಿನ ಬಸ್ಸು ಹಿಡಿದು ಊರಾಚೆಯ ಫ್ಲಾಟುಗಳಿಗೆ ಹೋದ. ಮೆಟ್ಟಿಲ ಗೋಡೆಯ ಗಾರೆ ಆಗಲೇ ಹಪ್ಪಳದ ಹಾಗೆ ಎದ್ದಿತ್ತು. ಕೈ ತಾಗಿದಲ್ಲಿ ಉದುರಿತು. ಬಾಗಿಲು ತೆರೆದವಳು ಅವನನ್ನು ನೋಡಿ ಅಚ್ಚರಿಪಡಲಿಲ್ಲ. ಒಳಗೆ ಕೂರಿಸಿದಳು. ಒಂದೇ ಕೋಣೆ, ಒಂದು ಮಂಚ, ಕಿಟಕಿಯಲ್ಲಿ ಒಣಗಲು ಹಾಕಿದ ಟವೆಲು.

ಅವನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಕೊನೆಗೆ ಇಷ್ಟು ಮಾತ್ರ ಬಂತು: "ನನಗೆ ಗೊತ್ತಿತ್ತು ತಾಯಿ. ತಾರೀಖು ಅಳಿಸುವಾಗ ಯಾಕೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಳಿಸಿದೆ."

ಅವಳು ಒಲೆಯ ಕಡೆ ತಿರುಗಿ ಚಹಾಕ್ಕೆ ನೀರಿಟ್ಟಳು. ಮೇಸ್ತ್ರಿ ಬೈಗುಳಕ್ಕೆ ಕಾದ. ಅವಳು ಬೈದರೆ, ಎದೆಗೆ ಗುದ್ದಿದರೆ, ಹೊರಗೆ ಹಾಕಿದರೆ ಏನೋ ಒಂದು ಹಗುರವಾಗುತ್ತಿತ್ತು. ಅದನ್ನು ಕೇಳಿಕೊಳ್ಳಲೆಂದೇ ಅಷ್ಟು ದೂರ ಬಂದಿದ್ದ.

"ಬೈಸಿಕೊಳ್ಳೋಕೆ ಬಂದ್ರಾ?" ಎಂದಳು, ತಿರುಗದೆಯೇ. "ಹಾಗಿದ್ರೆ ಬೇರೆ ಮನೆ ನೋಡಿ."

"ಅಲ್ಲ..."

"ಈ ಫ್ಲಾಟು ಹೇಗೆ ಬಂತು ಅಂದ್ಕೊಂಡ್ರಿ? ಬಿದ್ದಿದ್ದು ಹಳೇ ಟ್ಯಾಂಕು ಅಂತ ನಾನೂ ಸಹಿ ಹಾಕಿದೀನಿ. ನಮ್ಮ ಯಜಮಾನ್ರು ದಿನಾ ಮನೆಗೆ ಬಂದು, ಹೊಸಾದು ಬೆವರ್ತಾ ಇದೆ ಕಣೇ ಅಂತಿದ್ರು. ನನ್ನ ಮುಂದೆ ಕೂತು ಅಂತಿದ್ರು. ಆದ್ರೂ ಹಾಕಿದೆ." ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಮಂಚದ ಅಂಚಿಗೆ ಕುಟ್ಟಿ ತೆಗೆದಳು. "ನಿಮ್ಮ ಕೈಯಲ್ಲಿ ಉಳಿ ಇತ್ತು. ನನಗೆ ನಗರಸಭೆಯವರೇ ಪೆನ್ನು ಕೊಟ್ರು."

ಕೆಳಗೆ ಅಂಗಳದಲ್ಲಿ ಯಾರೋ ನೀರು ಬಂತೆಂದು ಕೂಗಿದರು. ಬಕೆಟ್ಟುಗಳ ಸದ್ದು ಮೆಟ್ಟಿಲಿಳಿಯಿತು. ಅವಳೂ ಎದ್ದು ಕೊಡ ತೆಗೆದುಕೊಂಡಳು. ಹೋಗುವ ಮೊದಲು ಚಹಾದ ಲೋಟವನ್ನು ಅವನ ಕೈಗಿಟ್ಟು, "ಕುಡಿದು ಬಾಗಿಲು ಎಳ್ಕೊಂಡು ಹೋಗಿ," ಎಂದಳು.

ಅವನು ಕುಡಿದ. ಲೋಟ ತೊಳೆದು ಮಗುಚಿಟ್ಟ. ಬಾಗಿಲು ಎಳೆದುಕೊಂಡು ಬಂದ.

ಮನೆಯಲ್ಲಿ ಹೆಂಡತಿ ಮಿಷನ್ನು ನಿಲ್ಲಿಸಿ ಕೇಳಿದಳು: "ಏನಂದ್ಲು?"

"ಚಹಾ ಕೊಟ್ಲು."

ಅವಳು ಅವನ ಮುಖ ನೋಡಿದಳು. ಆಮೇಲೆ ಮಿಷನ್ನಿನ ಚಕ್ರಕ್ಕೆ ಕೈ ಹಾಕಿದಳು.